ಪುಟ್ಟ ರೈಲಿಗೆ ರೇಡಿಯೋ ಲಗಾಮು

ಯಂತ್ರವನ್ನು ಓಡಿಸಲು ಕಲಿಯುವ ಮೊದಲು ನಿಲ್ಲಿಸಲು ಕಲಿಯಬೇಕೆಂದು ಅನುಭವಿಗಳು ಹೇಳುತ್ತಾರೆ. ಬಂಡಿ ಹೂಡುವ ರೈತನು ಎತ್ತಿನ ಓಟವನ್ನು ಮೆಚ್ಚುವುದಕ್ಕಿಂತ ಮುಂಚೆ ಹಗ್ಗದ ಗಟ್ಟಿತನವನ್ನು ಎಳೆದು ನೋಡುತ್ತಾನೆ. ಈ ತಿಂಗಳು ನಾವು ವಿಚಾರ ಮಾಡಲಿರುವ ವಿಷಯವು ಮೇಲುನೋಟಕ್ಕೆ ಮಕ್ಕಳ ಆಟಿಕೆಯದಾಗಿ ಕಾಣಬಹುದು. ಆದರೆ ಅದರ ಒಡಲಲ್ಲಿರುವ ಪ್ರಶ್ನೆ ಆ ಹಗ್ಗದ್ದೇ ಆಗಿದೆ.

ವಾಚಕರೊಬ್ಬರ ಪತ್ರವೇ ಈ ಲೇಖನಕ್ಕೆ ಕಾರಣ. ಅವರು ಕುರ್ಡುವಾಡಿಯ ಕಡೆಯ ನ್ಯಾರೋಗೇಜ್ ಬಂಡಿಗಳಲ್ಲಿ ಫೈರ್‌ಮನ್ ಆಗಿ ದುಡಿದು ನಿವೃತ್ತರಾದ ಹಿರಿಯರು. ಇಂಗ್ಲೆಂಡಿನಲ್ಲಿರುವ ಮಗ ದೀಪಾವಳಿಗೆ ಊರಿಗೆ ಬರುವವನಿದ್ದಾನೆ. ತಂದೆಯ ಅಂಗಳಕ್ಕೆ, ನಿಜವಾದ ಉಗಿಯಿಂದಲೇ ಓಡುವ ಮಾದರಿ ಎಂಜಿನ್ನೊಂದನ್ನು ತರಬೇಕೆಂಬುದು ಅವನ ಆಸೆ. ಹಿರಿಯರಿಗೆ ಮೊಣಕಾಲಿನ ನೋವು. ಎಂಜಿನ್ನಿನ ಹಿಂದೆ ಬಗ್ಗಿ ಓಡಲು ಆಗದು. ಮನೆಯಲ್ಲಿ ಏಳು ವರ್ಷದ ಮೊಮ್ಮಗಳಿದ್ದಾಳೆ. “ರೇಡಿಯೋ ನಿಯಂತ್ರಣದಲ್ಲಿ ಹಲವು ಬಗೆಗಳಿವೆಯಂತೆ. ಉಗಿಯ ಎಂಜಿನ್ನಿಗೆ ಯಾವುದು, ಬ್ಯಾಟರಿಯ ಎಂಜಿನ್ನಿಗೆ ಯಾವುದು, ಎರಡರಲ್ಲಿ ನಮ್ಮ ಮನೆಗೆ ಯಾವುದು?” ಎಂದು ಅವರು ಕೇಳಿದ್ದಾರೆ. ಪರದೇಶದಲ್ಲಿ ಮಕ್ಕಳನ್ನಿಟ್ಟುಕೊಂಡಿರುವ ಬೇರೆ ಮನೆಗಳಿಗೂ ಈ ಪ್ರಶ್ನೆ ಬರಬಹುದಾದುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

ತಿಳಿದುದರಿಂದ ತಿಳಿಯದುದರ ಕಡೆಗೆ ಹೋಗಬೇಕೆಂಬುದು ಶಿಕ್ಷಕರ ತರಬೇತಿಯಲ್ಲಿ ನಮಗೆ ಕಲಿಸಿದ ಮೊದಲ ಸೂತ್ರ. ನಮ್ಮ ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಲೈಟ್ ರೈಲ್ವೆಯನ್ನು ಬಲ್ಲವರು ಇನ್ನೂ ಅನೇಕರಿದ್ದಾರೆ. ಎವರಾರ್ಡ್ ಕಾಲ್ತ್ರಾಪ್ ಎಂಬ ಎಂಜಿನಿಯರನು ರೂಪಿಸಿದ ಆ ಮಾರ್ಗ 1897ರಲ್ಲಿ ಆರಂಭವಾಯಿತು. ಹಳಿಗಳ ನಡುವಿನ ಅಂತರ ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್. ಈಗ ಅದು ಬ್ರಾಡ್‌ಗೇಜ್ ಆಗಿದೆ. ಬ್ರಿಟನ್ನಿನಲ್ಲಿ ಮನೆಯ ತೋಟದಲ್ಲಿ ರೈಲು ಓಡಿಸುವ ಹವ್ಯಾಸಿಗಳಿಗೆ ಪ್ರಿಯವಾದದ್ದು ಇಂತಹ ಕಿರು ಹಳಿಯ ಬಂಡಿಗಳೇ. ನಿಜವಾದ ಬಂಡಿಯ ಒಂದು ಅಡಿಗೆ ಮಾದರಿಯಲ್ಲಿ 16 ಮಿಲಿಮೀಟರ್ ಎಂಬುದು ಅವರ ಒಂದು ಪ್ರಸಿದ್ಧ ಅಳತೆ. ಡಾರ್ಜಿಲಿಂಗ್ ಬೆಟ್ಟದ ರೈಲು ಎರಡು ಅಡಿ ಹಳಿಯದು. ಆದುದರಿಂದ ಅದರ ಮಾದರಿ 32 ಮಿಲಿಮೀಟರ್ ಹಳಿಯ ಮೇಲೆ ಓಡುತ್ತದೆ. ಇಂಗ್ಲೆಂಡಿನ ಡಾಂಕಾಸ್ಟರ್ ನಗರದ ರೌಂಡ್‌ಹೌಸ್ ಎಂಜಿನಿಯರಿಂಗ್ ಸಂಸ್ಥೆ ಆ ಬೆಟ್ಟದ ‘ಬಿ’ ವರ್ಗದ ಎಂಜಿನ್ನಿನ ಉಗಿ ಮಾದರಿಯನ್ನು ಮಾಡಿದೆ. ಇನ್ನೊಂದು ಅಳತೆ 45 ಮಿಲಿಮೀಟರ್ ಹಳಿಯದು. ಜರ್ಮನಿಯ ನ್ಯೂರೆಂಬರ್ಗಿನಿಂದ 1968ರಲ್ಲಿ ಹೊರಬಂದ ಎಲ್‌ಜಿಬಿ ರೈಲುಗಳಿಂದ ಇದು ಹೆಸರಾಯಿತು. ಹಿಂದೆ ನಮ್ಮ ಹೋಟಗಿ–ಗದಗ ಮಾರ್ಗದಲ್ಲಿದ್ದಂತಹ ಮೀಟರ್‌ಗೇಜನ್ನು ಇಪ್ಪತ್ತೆರಡೂವರೆ ಪಾಲು ಕಿರಿದು ಮಾಡಿದರೆ ಸುಮಾರು ಈ ಅಳತೆ ಬರುತ್ತದೆ.

ಇವು ಗಾಜಿನ ಕಪಾಟಿನಲ್ಲಿಡುವ ಬೊಂಬೆಗಳಲ್ಲ. ಉಗಿಯ ಮಾದರಿಯಲ್ಲಿ ನಿಜವಾದ ಬಾಯ್ಲರು ಇರುತ್ತದೆ, ನಿಜವಾದ ನೀರು ಕುದಿಯುತ್ತದೆ. ಕಲ್ಲಿದ್ದಲಿನ ಬದಲು ಬಹುಮಟ್ಟಿಗೆ ಬ್ಯೂಟೇನ್ ಅನಿಲವನ್ನು, ಕೆಲವದರಲ್ಲಿ ಸ್ಪಿರಿಟನ್ನು ಉರಿಸುತ್ತಾರೆ. ದೊಡ್ಡ ಎಂಜಿನ್ನಿನಲ್ಲಿದ್ದಂತೆ ಉಗಿಯನ್ನು ಸಿಲಿಂಡರಿಗೆ ಬಿಡುವ ರೆಗ್ಯುಲೇಟರ್, ಮುಂದೆ–ಹಿಂದೆ ಚಲಿಸಲು ರಿವರ್ಸರ್, ಒತ್ತಡ ಮಿತಿಮೀರಿದರೆ ತಾನೇ ತೆರೆದುಕೊಳ್ಳುವ ಸೇಫ್ಟಿ ವಾಲ್ವ್, ಎಲ್ಲವೂ ಬೆರಳುಗಾತ್ರದಲ್ಲಿವೆ. ಬ್ಯಾಟರಿಯ ಎಂಜಿನ್ನಿನಲ್ಲಾದರೋ ಒಂದು ಮೋಟಾರು, ಒಂದು ಬ್ಯಾಟರಿ, ನಡುವೆ ಮೋಟಾರಿಗೆ ಹೋಗುವ ವಿದ್ಯುತ್ತನ್ನು ಹೆಚ್ಚುಕಡಿಮೆ ಮಾಡುವ ವೇಗನಿಯಂತ್ರಕ, ಇಷ್ಟೇ. ಹಳಿಯ ಮೂಲಕ ವಿದ್ಯುತ್ತನ್ನು ಕೊಡುವ ಪದ್ಧತಿಯೂ ಉಂಟು. ಆದರೆ ಅಂಗಳದ ಧೂಳು, ಎಲೆ, ತೇವಗಳ ನಡುವೆ ಹಳಿಯನ್ನು ಸದಾ ಉಜ್ಜಿ ಶುಚಿಯಾಗಿಡುವ ಕೆಲಸ ತಪ್ಪದು. ಬ್ಯಾಟರಿಯು ಎಂಜಿನ್ನಿನೊಳಗೇ ಇದ್ದರೆ ಆ ಕಷ್ಟವಿಲ್ಲ.

ಈ ಎರಡು ಎಂಜಿನ್ನುಗಳ ಸ್ವಭಾವ ಬೇರೆ ಬೇರೆ ಎಂಬುದನ್ನು ವಾಚಕರು ಮೊದಲು ಮನಗಾಣಬೇಕು. ಬ್ಯಾಟರಿಯ ಎಂಜಿನ್ನು ಹೊಲದ ಪಂಪಿನ ಮೋಟಾರಿನಂತೆ: ವಿದ್ಯುತ್ತು ಕೊಟ್ಟರೆ ತಿರುಗುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ಉಗಿಯ ಎಂಜಿನ್ನು ಹೊಸದಾಗಿ ನೊಗಕ್ಕೆ ಕಟ್ಟಿದ ಹೋರಿಯಂತೆ. ತಣ್ಣಗಿರುವಾಗ ಸಿಲಿಂಡರಿನಲ್ಲಿ ಉಗಿ ನೀರಾಗಿ, ಎಂಜಿನ್ನು ಮುಗ್ಗರಿಸುತ್ತದೆ. ಕಾದ ಮೇಲೆ ರೆಗ್ಯುಲೇಟರನ್ನು ಅದೇ ಜಾಗದಲ್ಲಿಟ್ಟರೂ ವೇಗ ಹೆಚ್ಚುತ್ತದೆ. ಏರು ಬಂದರೆ ನಿಲ್ಲುತ್ತದೆ, ಇಳಿಜಾರಿನಲ್ಲಿ ಧಾವಿಸುತ್ತದೆ. ತಿರುವಿನಲ್ಲಿ ಮಗುಚಿದರೆ ಬಿಸಿ ಎಣ್ಣೆ, ಕುದಿವ ನೀರು, ಉರಿವ ಅನಿಲ ಎಲ್ಲವೂ ನೆಲಕ್ಕೆ. ರೇಡಿಯೋ ಇಲ್ಲದೆ ಓಡಿಸುವವರು ಪ್ರತಿ ಸುತ್ತಿನಲ್ಲಿಯೂ ಎಂಜಿನ್ನಿನ ಜೊತೆಯಲ್ಲಿ ನಡೆದು, ಬಗ್ಗಿ, ರೆಗ್ಯುಲೇಟರನ್ನು ಕೂದಲೆಳೆಯಷ್ಟು ಸರಿಸಬೇಕಾಗುತ್ತದೆ. ಆ ಬಗ್ಗುವ ಕೆಲಸವನ್ನು ತಪ್ಪಿಸುವುದೇ ರೇಡಿಯೋದ ಪ್ರಯೋಜನ.

ದೂರದಿಂದ ಯಂತ್ರವನ್ನು ನಡೆಸುವ ವಿದ್ಯೆ ಹೊಸತೇನೂ ಅಲ್ಲ. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಪುಟ್ಟ ದೋಣಿಯೊಂದನ್ನು ತಂತಿಯಿಲ್ಲದೆ ನಡೆಸಿ ಜನರನ್ನು ಬೆರಗುಗೊಳಿಸಿದ್ದನು. ಅಂದಿನಿಂದ ಇಂದಿನವರೆಗೆ ಅಂಗಗಳು ಮೂರೇ. ಕೈಯಲ್ಲಿ ಹಿಡಿಯುವ ಪ್ರೇಷಕ, ಎಂಜಿನ್ನಿನೊಳಗಿನ ಗ್ರಾಹಕ, ಗ್ರಾಹಕದ ಆಜ್ಞೆಯನ್ನು ಕ್ರಿಯೆಗೆ ಇಳಿಸುವ ಕೈ. ಬ್ಯಾಟರಿಯ ಎಂಜಿನ್ನಿನಲ್ಲಿ ಆ ಕೈ ವೇಗನಿಯಂತ್ರಕ. ಉಗಿಯ ಎಂಜಿನ್ನಿನಲ್ಲಿ ಅದು ಸರ್ವೋ ಎಂಬ ಬೆಂಕಿಪೊಟ್ಟಣದಂತಹ ಯಂತ್ರ. ಅದರಲ್ಲಿ ಸಣ್ಣ ಮೋಟಾರು, ಹಲ್ಲುಗಾಲಿಗಳು, ಹೊರಗೆ ಒಂದು ತೋಳು. ಗ್ರಾಹಕವು ಸುಮಾರು 20 ಮಿಲಿಸೆಕೆಂಡಿಗೊಮ್ಮೆ ಒಂದು ವಿದ್ಯುತ್ ಮಿಡಿತವನ್ನು ಕಳಿಸುತ್ತದೆ. ಮಿಡಿತ ಒಂದೂವರೆ ಮಿಲಿಸೆಕೆಂಡ್ ಇದ್ದರೆ ತೋಳು ನಡುವೆ ನಿಲ್ಲುತ್ತದೆ. ಒಂದಕ್ಕಿಳಿದರೆ ಒಂದು ಕಡೆಗೆ, ಎರಡಕ್ಕೇರಿದರೆ ಇನ್ನೊಂದು ಕಡೆಗೆ ವಾಲುತ್ತದೆ. ಉಗಿಯ ಎಂಜಿನ್ನಿಗೆ ಇಂತಹ ಎರಡು ಸರ್ವೋಗಳು ಸಾಕು: ಒಂದು ರೆಗ್ಯುಲೇಟರಿಗೆ, ಒಂದು ರಿವರ್ಸರಿಗೆ. ಸಿಳ್ಳು ಬೇಕೆನ್ನುವವರು ಮೂರನೆಯದನ್ನು ಇಡುತ್ತಾರೆ. ಆದುದರಿಂದ ಆರು–ಎಂಟು ಚಾನೆಲುಗಳ ದುಬಾರಿ ಪ್ರೇಷಕಕ್ಕೆ ಹಣ ಸುರಿಯುವುದು ಅನಾವಶ್ಯಕ.

ಇನ್ನು ಅಲೆಗಳ ವಿಚಾರ. ಹಳೆಯ ಸಾಧನಗಳು 27 ಅಥವಾ 40 ಮೆಗಾಹರ್ಟ್ಸ್ ಆವರ್ತನದಲ್ಲಿ ಕೆಲಸ ಮಾಡುತ್ತಿದ್ದವು. ಬ್ರಿಟನ್ನಿನಲ್ಲಿ 35 ಮೆಗಾಹರ್ಟ್ಸ್ ವಿಮಾನದ ಮಾದರಿಗಳಿಗೇ ಮೀಸಲು. ಪ್ರೇಷಕದಲ್ಲಿಯೂ ಗ್ರಾಹಕದಲ್ಲಿಯೂ ಜೋಡಿ ಹರಳುಗಳನ್ನು ಸಿಕ್ಕಿಸಬೇಕಾಗಿತ್ತು. ಒಂದೇ ಹರಳಿನ ಇಬ್ಬರು ಒಂದೇ ತೋಟದಲ್ಲಿ ಸೇರಿದರೆ ಒಬ್ಬನ ಕೈ ಇನ್ನೊಬ್ಬನ ಎಂಜಿನ್ನನ್ನು ಕದಲಿಸುತ್ತಿತ್ತು. ಇಂದು ಹೊಸದಾಗಿ ಕೊಳ್ಳುವವರು 2.4 ಗಿಗಾಹರ್ಟ್ಸ್‌ನದನ್ನೇ ಕೊಳ್ಳಬೇಕು. ಇದರಲ್ಲಿ ಹರಳಿಲ್ಲ, ಒಂದು ಪ್ರೇಷಕಕ್ಕೂ ಒಂದು ಗ್ರಾಹಕಕ್ಕೂ ಮೊದಲಿಗೆ ಪರಸ್ಪರ ಗುರುತು ಮಾಡಿಕೊಡುತ್ತಾರೆ. ಇದಕ್ಕೆ ‘ಬೈಂಡಿಂಗ್’ ಎನ್ನುತ್ತಾರೆ. ಆಮೇಲೆ ಆ ಗ್ರಾಹಕವು ಅನ್ಯರ ಮಾತಿಗೆ ಕಿವಿಗೊಡದು. ಆದರೆ ಎಲ್ಲ ಕಂಪನಿಗಳ ಭಾಷೆಯೂ ಒಂದೇ ಅಲ್ಲ. ಪ್ರೇಷಕ ಒಂದರದು, ಗ್ರಾಹಕ ಇನ್ನೊಂದರದು ಎಂದಾದರೆ ಗುರುತು ಹತ್ತದೇ ಹೋಗಬಹುದು. ಎರಡನ್ನೂ ಒಟ್ಟಿಗೇ ಕೊಳ್ಳುವುದು ಕ್ಷೇಮ. ನಮ್ಮ ದೇಶದಲ್ಲಿಯೂ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ನಿಗದಿಯಾದ ಶಕ್ತಿಯ ಮಿತಿಯಲ್ಲಿ ಲೈಸೆನ್ಸಿಲ್ಲದೆ ಬಳಸಬಹುದು.

ಇದರಲ್ಲಿ ಇನ್ನೊಂದು ಅನುಕೂಲವೂ ಉಂಟು. 27 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 11 ಮೀಟರ್. ಅದಕ್ಕೆ ಉದ್ದನೆಯ ಆಂಟೆನಾ ತಂತಿ ಬೇಕಾಗಿತ್ತು. 2.4 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್. ಅದರ ಕಾಲುಭಾಗ, ಅಂದರೆ ಸುಮಾರು 31 ಮಿಲಿಮೀಟರ್ ತಂತಿ ಸಾಕು. ಆದರೆ ತಾಮ್ರದ ಬಾಯ್ಲರು, ಹಿತ್ತಾಳೆಯ ಕ್ಯಾಬು ಈ ಕಿರು ಅಲೆಗಳಿಗೆ ಗೋಡೆಯಿದ್ದಂತೆ. ಆ ಪುಟ್ಟ ತಂತಿಯ ತುದಿ ಲೋಹದ ಗೂಡಿನಿಂದ ಹೊರಗೆ ಇಣುಕುವಂತೆ ಇಡಬೇಕು. ಗ್ರಾಹಕವನ್ನೂ ಅದರ ಸೆಲ್ಲುಗಳನ್ನೂ ಬೆಂಕಿಯ ಪಕ್ಕದಲ್ಲಿಡದೆ ಕ್ಯಾಬಿನ ಮೂಲೆಯಲ್ಲೋ ಹಿಂದಿನ ಟೆಂಡರಿನಲ್ಲೋ ಇಡುವುದು ವಾಡಿಕೆ; ಶಾಖ, ಎಣ್ಣೆ, ನೀರು ಮೂರೂ ಅದಕ್ಕೆ ವೈರಿಗಳು.

ಈಗ ಆಯ್ಕೆಯ ಮುಖ್ಯ ಮಾತಿಗೆ ಬರೋಣ. ಅಂಗಡಿಯವನು ಎಷ್ಟು ದೂರ ಕೇಳುತ್ತದೆ, ಎಷ್ಟು ಗುಂಡಿಗಳಿವೆ ಎಂದು ವರ್ಣಿಸುತ್ತಾನೆ. ಕೊಳ್ಳುವವನು ಕೇಳಬೇಕಾದ ಪ್ರಶ್ನೆಗಳು ಬೇರೆ. ಮೊದಲನೆಯದು: ಕೈ ಬಿಟ್ಟರೆ ಏನಾಗುತ್ತದೆ? ಎರಡನೆಯದು: ಸಂಕೇತ ಕಡಿದುಹೋದರೆ ಏನಾಗುತ್ತದೆ? ಮೂರನೆಯದು: ಎಂಜಿನ್ನಿನೊಳಗಿನ ಸೆಲ್ಲು ತೀರಿದರೆ ಏನಾಗುತ್ತದೆ?

ಕೈ ಬಿಟ್ಟಾಗಿನ ವಿಚಾರ ಪ್ರೇಷಕದ ಹಿಡಿಕೆಗೆ ಸೇರಿದ್ದು. ಕಾರಿನ ಮಾದರಿಗಳಿಗಾಗಿ ಮಾಡಿದ ಪಿಸ್ತೂಲಿನಾಕಾರದ ಪ್ರೇಷಕದಲ್ಲಿ ಬೆರಳು ಬಿಟ್ಟೊಡನೆ ಕುದುರೆ ಸ್ಪ್ರಿಂಗಿನಿಂದ ನಡುವಿಗೆ ಮರಳುತ್ತದೆ. ವಿಮಾನದ ಮಾದರಿಗಳ ಪ್ರೇಷಕದಲ್ಲಿ ಎರಡು ಹಿಡಿಕೆಗಳಿದ್ದು, ವೇಗದ ಹಿಡಿಕೆ ಮಾತ್ರ ಇಟ್ಟ ಜಾಗದಲ್ಲಿಯೇ ನಿಲ್ಲುತ್ತದೆ. ಉಗಿಯ ಎಂಜಿನ್ನಿಗೆ ಈ ಎರಡನೆಯದೇ ತಕ್ಕದ್ದು. ಉಗಿಯನ್ನು ಹದವಾಗಿ ಬಿಟ್ಟು, ಒಂದು ಸುತ್ತು ನೋಡಿ, ಮತ್ತೆ ಒಂದು ಹಲ್ಲು ಸರಿಸಬೇಕು. ಬೆರಳಿನ ಬಲದಿಂದ ಒಂದೇ ಹದವನ್ನು ಹಿಡಿದಿರುವುದು ಐದು ನಿಮಿಷಕ್ಕೇ ಬೇಸರ. ಆದರೆ ಮಗುವಿನ ಕೈಗೆ ಕೊಡುವ ಬ್ಯಾಟರಿಯ ಎಂಜಿನ್ನಿಗೆ ಸ್ಪ್ರಿಂಗಿನ ಹಿಡಿಕೆಯೇ ಮೇಲು. ಮುಂದೆ ನೂಕಿದರೆ ಮುಂದೆ, ಹಿಂದೆ ಎಳೆದರೆ ಹಿಂದೆ, ಬಿಟ್ಟರೆ ನಿಲುಗಡೆ. ಮಗು ಬೆದರಿ ಪ್ರೇಷಕವನ್ನು ಕೆಳಗೆ ಹಾಕಿದರೂ ಬಂಡಿ ನಿಲ್ಲುತ್ತದೆ. ಚಾಲಕನ ಕೈ ಸಡಿಲಿದರೆ ನಿಲ್ಲುವ ‘ಡೆಡ್‌ಮ್ಯಾನ್ ಹ್ಯಾಂಡಲ್’ ಎಂಬ ಏರ್ಪಾಡು ದೊಡ್ಡ ರೈಲುಗಳಲ್ಲಿಯೂ ಉಂಟೆಂಬುದನ್ನು ನಮ್ಮ ಹಿರಿಯರು ಬಲ್ಲರು.

ಸಂಕೇತ ಕಡಿದಾಗಿನ ರಕ್ಷಣೆಗೆ ‘ಫೇಲ್‌ಸೇಫ್’ ಎನ್ನುತ್ತಾರೆ. ಪ್ರೇಷಕದ ಸೆಲ್ಲು ತೀರಿತೆಂದೋ ನಡುವೆ ಗೋಡೆ ಬಂದಿತೆಂದೋ ಮಾತು ನಿಂತರೆ, ಒಳ್ಳೆಯ ಗ್ರಾಹಕವು ಮೊದಲೇ ಕಲಿಸಿಟ್ಟ ಸ್ಥಿತಿಗೆ ಸರ್ವೋವನ್ನು ಒಯ್ಯುತ್ತದೆ. ಉಗಿಯ ಎಂಜಿನ್ನಿನಲ್ಲಿ ಆ ಸ್ಥಿತಿ ರೆಗ್ಯುಲೇಟರ್ ಮುಚ್ಚಿದ್ದಾಗಿರಬೇಕು. ಬ್ಯಾಟರಿಯದರಲ್ಲಿ ಮೋಟಾರು ನಿಂತದ್ದಾಗಿರಬೇಕು. ಕೆಲವು ಅಗ್ಗದ ಗ್ರಾಹಕಗಳು ಕೊನೆಯ ಆಜ್ಞೆಯನ್ನೇ ಹಿಡಿದುಕೊಂಡು ಕುಳಿತಿರುತ್ತವೆ. ಒಡೆಯನಿಲ್ಲದ ಎಂಜಿನ್ನು ಅದೇ ವೇಗದಲ್ಲಿ ಓಡುತ್ತಿರುತ್ತದೆ. ಫೇಲ್‌ಸೇಫ್ ಉಂಟೆಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಸಾಲದು. ಬೆಂಕಿ ಹಚ್ಚುವ ಮೊದಲು ಮೇಜಿನ ಮೇಲೆ ಎಂಜಿನ್ನನ್ನಿಟ್ಟು, ರೆಗ್ಯುಲೇಟರನ್ನು ಅರ್ಧ ತೆರೆದು, ಪ್ರೇಷಕವನ್ನು ಆರಿಸಿ ನೋಡಬೇಕು. ಸರ್ವೋವಿನ ತೋಳು ತಾನಾಗಿ ಮುಚ್ಚುವ ಕಡೆಗೆ ಬಂದರೆ ಮಾತ್ರ ನಂಬಬಹುದು.

ಮೂರನೆಯ ಪ್ರಶ್ನೆಯನ್ನು ಅನೇಕರು ಕೇಳುವುದೇ ಇಲ್ಲ. ಉಗಿಯ ಎಂಜಿನ್ನಿನ ಗ್ರಾಹಕಕ್ಕೂ ಸರ್ವೋಗಳಿಗೂ ಸಾಮಾನ್ಯವಾಗಿ ಒಂದೊಂದು 1.2 ವೋಲ್ಟಿನ, ಮತ್ತೆ ಚಾರ್ಜ್ ಮಾಡಬಹುದಾದ ನಾಲ್ಕು ಸೆಲ್ಲುಗಳನ್ನು ಬಳಸುತ್ತಾರೆ, ಒಟ್ಟು 4.8 ವೋಲ್ಟ್. ಈ ಸೆಲ್ಲುಗಳು ಓಟದ ನಡುವೆ ಪೂರ್ತಿ ಬರಿದಾದರೆ ಫೇಲ್‌ಸೇಫ್ ಕೆಲಸ ಮಾಡದು. ತೋಳನ್ನು ತಿರುಗಿಸಲು ಶಕ್ತಿಯೇ ಇಲ್ಲವಲ್ಲ! ರೆಗ್ಯುಲೇಟರ್ ಎಲ್ಲಿತ್ತೋ ಅಲ್ಲಿಯೇ ನಿಲ್ಲುತ್ತದೆ, ಬೆಂಕಿ ಉರಿಯುತ್ತಿರುತ್ತದೆ. ಬ್ಯಾಟರಿಯ ಎಂಜಿನ್ನಿನಲ್ಲಿ ಬ್ಯಾಟರಿ ತೀರಿದರೆ ಬಂಡಿಯೇ ನಿಲ್ಲುತ್ತದೆ; ಅದೇ ಅದರ ಸುರಕ್ಷೆ. ಈ ಒಂದು ಭೇದವನ್ನು ಅರಿತವನು ಉಗಿಯ ಎಂಜಿನ್ನನ್ನು ಹಳಿಗೆ ಇಳಿಸುವ ದಿನ ಸೆಲ್ಲುಗಳನ್ನು ತುಂಬಿಸದೆ ಬಿಡಲಾರ. ಸರ್ವೋವಿನ ತೋಳಿನ ಓಟವನ್ನು ರೆಗ್ಯುಲೇಟರಿನ ಓಟಕ್ಕೆ ಸರಿಹೊಂದಿಸಿರಬೇಕು. ಇಲ್ಲವಾದರೆ ಮುಚ್ಚಿದ ಕವಾಟವನ್ನು ಇನ್ನೂ ಮುಚ್ಚಲು ಅದು ಗುಂಯ್‌ಗುಟ್ಟುತ್ತ, ಸೆಲ್ಲುಗಳನ್ನು ಬೇಗ ಬರಿದು ಮಾಡುತ್ತದೆ.

ಬ್ಯಾಟರಿಯ ಎಂಜಿನ್ನನ್ನು ಆರಿಸುವಾಗ ಲೆಕ್ಕ ಬೇರೆ. ವೇಗನಿಯಂತ್ರಕವು ಬ್ಯಾಟರಿಯ ವೋಲ್ಟೇಜನ್ನು ತಾಳಬೇಕು. ಮೋಟಾರು ಸಿಕ್ಕಿಹಾಕಿಕೊಂಡು ತಿರುಗದೆ ನಿಂತಾಗ ಎಳೆಯುವ ವಿದ್ಯುತ್ತನ್ನೂ ತಾಳಬೇಕು. ಅದು ಸಾಮಾನ್ಯ ಓಟದಲ್ಲಿ ಎಳೆಯುವುದರ ಹಲವು ಪಟ್ಟು ಇರುತ್ತದೆ. ಇಂತಹ ಎಂಜಿನ್ನುಗಳಲ್ಲಿ ಬಹುಪಾಲು ಬ್ರಶ್ ಇರುವ ಮೋಟಾರುಗಳೇ ಇರುತ್ತವೆ. ಬ್ರಶ್ ಇಲ್ಲದ ಮೋಟಾರಿಗೆಂದು ಮಾಡಿದ, ಮೂರು ತಂತಿಗಳ ನಿಯಂತ್ರಕ ಇದಕ್ಕೆ ಒಗ್ಗದು. ಕಾರಿನ ಮಾದರಿಗೆಂದು ಮಾಡಿದ ಎಷ್ಟೋ ನಿಯಂತ್ರಕಗಳು ಹಿಂದೆಳೆದರೆ ಮೊದಲು ಬ್ರೇಕು ಹಾಕಿ, ಮತ್ತೊಮ್ಮೆ ಎಳೆದರೆ ಮಾತ್ರ ಹಿಂದಕ್ಕೆ ಹೋಗುತ್ತವೆ. ರೈಲಿಗೆ ಅದು ಸೊಗಸಲ್ಲ. ಬ್ಯಾಟರಿಯ ದಾರಿಯಲ್ಲಿ ಒಂದು ಫ್ಯೂಸ್ ಕಡ್ಡಾಯವಾಗಿರಲಿ. 2000 ಮಿಲಿಆಂಪ್‌ಅವರ್ ಬ್ಯಾಟರಿ ಅರ್ಧ ಆಂಪಿಯರ್ ಎಳೆಯುವ ಎಂಜಿನ್ನನ್ನು ಗಣಿತದ ಪ್ರಕಾರ ನಾಲ್ಕು ಗಂಟೆ ಓಡಿಸಬೇಕು. ವ್ಯವಹಾರದಲ್ಲಿ ಸ್ವಲ್ಪ ಕಡಿಮೆಯೆಂದು ಹಿಡಿಯಿರಿ.

ಲಿಥಿಯಂ ಪಾಲಿಮರ್ ಬ್ಯಾಟರಿಯಾದರೆ ಒಂದು ಸೆಲ್ಲಿನ ಸರಾಸರಿ ವೋಲ್ಟೇಜು 3.7, ತುಂಬಿದಾಗ 4.2, ಮೂರು ಸೆಲ್ಲಿನದು 11.1 ವೋಲ್ಟ್. ಒಂದು ಸೆಲ್ಲು 3 ವೋಲ್ಟಿಗಿಂತ ಕೆಳಗಿಳಿದರೆ ಕೆಡುತ್ತದೆ. ಅದಕ್ಕೆಂದೇ ಮಾಡಿದ ಚಾರ್ಜರಿನಿಂದ, ಎಂಜಿನ್ನಿನಿಂದ ಹೊರತೆಗೆದು, ಮನೆಯವರು ಎಚ್ಚರವಾಗಿರುವಾಗಲೇ ತುಂಬಿಸಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು. ಪರದೇಶದಿಂದ ತರುವವರು ಇನ್ನೊಂದನ್ನು ನೆನಪಿಡಬೇಕು. ಬಿಡಿ ಲಿಥಿಯಂ ಬ್ಯಾಟರಿಗಳನ್ನು ವಿಮಾನದಲ್ಲಿ ಕೈಚೀಲದಲ್ಲಿಯೇ, ತುದಿಗಳನ್ನು ಮುಚ್ಚಿ ತರಬೇಕು. ಸರಕಿನ ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ. ಬ್ಯೂಟೇನ್ ಡಬ್ಬಿಯನ್ನಂತೂ ಯಾವ ಚೀಲದಲ್ಲಿಯೂ ತರುವಂತಿಲ್ಲ; ಅದನ್ನು ಇಲ್ಲಿಯೇ ಕೊಳ್ಳಬೇಕು.

ಹಾಗಾದರೆ ನಮ್ಮ ಹಿರಿಯರ ಮನೆಗೆ ಯಾವುದು? ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುವುದಾದರೆ, ಮೊಮ್ಮಗಳು ತಾನೇ ಓಡಿಸಬೇಕೆಂದಿದ್ದರೆ ಬ್ಯಾಟರಿಯ ಎಂಜಿನ್ನು, ಸ್ಪ್ರಿಂಗಿನ ಹಿಡಿಕೆ. ಅಜ್ಜನು ಓಡಿಸಿ ಮೊಮ್ಮಗಳು ನೋಡುವುದಾದರೆ ಉಗಿಯ ಎಂಜಿನ್ನು, ಇಟ್ಟಲ್ಲಿ ನಿಲ್ಲುವ ಹಿಡಿಕೆಯ ಪ್ರೇಷಕ. ಅದನ್ನೂ ತಯಾರಕರೇ ರೇಡಿಯೋ ಜೋಡಿಸಿ ಕೊಡುವಂಥದ್ದು. ಆಮೇಲೆ ಜೋಡಿಸೋಣವೆಂದರೆ, ಇಕ್ಕಟ್ಟಾದ ಕ್ಯಾಬಿನಲ್ಲಿ ಸರ್ವೋಗಳಿಗೆ ಜಾಗ ಹುಡುಕುವ ಸೂಕ್ಷ್ಮ ಕೆಲಸ ಊರಿನಲ್ಲಿ ಸುಲಭವಲ್ಲ. ಅಗ್ಗಕ್ಕೆ ಸಿಗುವುದೆಂದು ರೇಡಿಯೋ ಇಲ್ಲದ ಉಗಿಯ ಎಂಜಿನ್ನನ್ನು ಮಾತ್ರ ತರಿಸಬೇಡಿರೆಂದು ಮೊಣಕಾಲು ನೋವಿನ ಹಿರಿಯರಲ್ಲಿ ಕೈಮುಗಿದು ಕೇಳುತ್ತೇನೆ. ಬಗ್ಗಲಾಗದವನ ಎಂಜಿನ್ನು ಓಡಲಾರಂಭಿಸಿದ ಮೇಲೆ, ಅದರ ಹಿಂದೆ ಕೈಚಾಚಿ ಓಡುವುದು ಮನೆಯ ಮಗುವೇ.

ಹಳಿಯನ್ನು ಆದಷ್ಟು ಸಮತಟ್ಟಾಗಿ ಹಾಕಿಸಬೇಕು. ರೆಗ್ಯುಲೇಟರ್ ಮುಚ್ಚುವುದೆಂದರೆ ಬ್ರೇಕು ಹಾಕಿದಂತಲ್ಲ. ಇಳಿಜಾರಿನಲ್ಲಿ ಉಗಿಯಿಲ್ಲದೆಯೂ ಬಂಡಿ ಉರುಳುತ್ತದೆ. ಓಡಿಸುವ ದಿನದ ಕ್ರಮ ಹೀಗಿರಲಿ: ಸೆಲ್ಲುಗಳನ್ನು ತುಂಬಿಸುವುದು; ಪ್ರೇಷಕವನ್ನು ಮೊದಲು, ಗ್ರಾಹಕವನ್ನು ಅನಂತರ ಹಚ್ಚುವುದು, ಆರಿಸುವಾಗ ಇದರ ವಿಲೋಮ; ಮೂವತ್ತು ಹೆಜ್ಜೆ ದೂರ ನಡೆದು ತೋಳು ಕದಲುವುದನ್ನು ಯಾರಿಂದಲಾದರೂ ನೋಡಿಸುವುದು; ಪ್ರೇಷಕವನ್ನು ಆರಿಸಿ ರೆಗ್ಯುಲೇಟರ್ ಮುಚ್ಚುವುದನ್ನು ನೋಡುವುದು. ಇವೆಲ್ಲ ಆದ ಮೇಲೆಯೇ ನೀರು, ಎಣ್ಣೆ, ಅನಿಲ, ಬೆಂಕಿ.

ಕೊನೆಯದಾಗಿ ಇನ್ನೊಂದು ಮಾತು. ಇಂತಹ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ನೀರು ತೀರುವ ಮೊದಲೇ ಅನಿಲ ತೀರುವಂತೆ ಅಳತೆ ಮಾಡಿರುತ್ತಾರೆ. ನೀರು ಹಾಕದೆ ಅನಿಲವನ್ನು ಮಾತ್ರ ಮತ್ತೆ ತುಂಬಿದರೆ ಬಾಯ್ಲರು ಒಣಗಿ ಬೇಯುತ್ತದೆ. ಇದನ್ನು ತಡೆಯುವ ಗುಂಡಿ ಯಾವ ಪ್ರೇಷಕದಲ್ಲಿಯೂ ಇಲ್ಲ. ರೇಡಿಯೋ ಕೈಯ ಕೆಲಸವನ್ನು ದೂರಕ್ಕೆ ಒಯ್ಯುತ್ತದೆ, ಕಣ್ಣಿನ ಕೆಲಸವನ್ನಲ್ಲ. ಹಲವು ವರ್ಷ ಬಾಯ್ಲರಿನ ನೀರಿನ ಮಟ್ಟದ ಮೇಲೆಯೇ ಕಣ್ಣಿಟ್ಟು ದುಡಿದ ಫೈರ್‌ಮನ್ನರಿಗೆ ಇದನ್ನು ನಾನು ಹೇಳಬೇಕಾದದ್ದಿಲ್ಲ. ಅವರು ಅದನ್ನು ಮೊಮ್ಮಗಳಿಗೆ ಹೇಳಿಕೊಡಲಿ.